ಪ್ರೊಫೈಲ್ ಅಳತೆ ತಪ್ಪಿದರೆ ಮೊದಲು ತಕ್ಕಡಿ, ಆಮೇಲೆ ವರ್ನಿಯರ್

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಪ್ರೊಫೈಲಿನ, ಅಂದರೆ ಚೌಕಟ್ಟು ಮಾಡುವ ಉದ್ದ ಪಟ್ಟಿಯ, ಅಳತೆ ಹೆಚ್ಚುಕಮ್ಮಿ ಆದರೆ ಎಲ್ಲರ ಕಣ್ಣೂ ಡೈ ಮೇಲೆ, ಕರಗಿದ ಮಾಲಿಗೆ ಆಕಾರ ಕೊಡುವ ಅಚ್ಚಿನ ಮೇಲೆ. ನಾನು ಡೈ ಮುಟ್ಟುವುದು ಕಟ್ಟಕಡೆಗೆ. ನಿನ್ನೆವರೆಗೆ ಸರಿಯಾದ ಮಾಲು ಕೊಟ್ಟ ಡೈ ರಾತ್ರೋರಾತ್ರಿ ಕೆಡುವುದು ಅಪರೂಪ.

ಒಂದೊಂದು ಮೀಟರಿನ ತುಂಡುಗಳನ್ನು ಸಾಲಾಗಿ ಕತ್ತರಿಸಿ ತೂಗುತ್ತೇನೆ. ತೂಕ ಏರಿಳಿದರೆ, ಡೈಯಿಂದ ಬರುವ ಮಾಲಿಗೂ ಹಾಲ್‌ಆಫ್ (ರಬ್ಬರ್ ಪ್ಯಾಡಿನಲ್ಲಿ ಹಿಡಿದು ಪ್ರೊಫೈಲ್ ಎಳೆಯುವ ಯಂತ್ರ) ಎಳೆಯುವ ವೇಗಕ್ಕೂ ತಾಳೆಯಿಲ್ಲ. ತೂಕ ಕದಲದೆ ಅಳತೆ ಮಾತ್ರ ತಪ್ಪಿದ್ದರೆ ಕ್ಯಾಲಿಬ್ರೇಟರ್ ಕಡೆ ನಡೆಯಿರಿ, ಅದು ಬಿಸಿ ಪ್ರೊಫೈಲನ್ನು ತೂತುಗಳಿಂದ ಗಾಳಿ ಹೀರಿ ತನ್ನ ಗೋಡೆಗೆ ಅಂಟಿಸಿಕೊಂಡು ತಣಿಸುವ ಅಚ್ಚು.

ತೂಕದ ಜೊತೆಗೆ ಮೆಲ್ಟ್ ಪ್ರೆಷರ್ (ಕರಗಿದ ಮಾಲಿನ ಒತ್ತಡ), ಮೋಟಾರ್ ಆಂಪಿಯರ್ ಎರಡೂ ಕುಣಿಯುತ್ತಿದ್ದರೆ ಹಾಪರ್, ಅಂದರೆ ಪುಡಿ ಸುರಿಯುವ ಕೊಳವೆಬಾಯಿ, ನೋಡಬೇಕು. ರೀಗ್ರೈಂಡ್ (ಮತ್ತೆ ಪುಡಿ ಮಾಡಿದ ಹಳೇ ಮಾಲು) ಒಂದೇ ಪ್ರಮಾಣದಲ್ಲಿ ಬೆರೆಯದಿದ್ದರೆ, ಪುಡಿ ಕಮಾನು ಕಟ್ಟಿ ನಿಂತರೆ, ಹೀಗಾಗುತ್ತದೆ. ಪ್ರೆಷರ್ ಗಟ್ಟಿಯಾಗಿದ್ದೂ ತೂಕ ಏರಿಳಿದರೆ ನನ್ನ ಅನುಮಾನ ಹಾಲ್‌ಆಫ್ ಪ್ಯಾಡಿನ ಮೇಲೆ. ಒಳಹೋಗುವಲ್ಲಿ ಪ್ಯಾಡಿಗೂ ಪ್ರೊಫೈಲಿಗೂ ಸೇರಿ ಮಾರ್ಕರ್‌ನಿಂದ ಒಂದೇ ಅಡ್ಡಗೆರೆ ಎಳೆಯುತ್ತೇನೆ. ಹೊರಬರುವಷ್ಟರಲ್ಲಿ ಗೆರೆ ಎರಡಾಗಿದ್ದರೆ ಪ್ಯಾಡ್ ಜಾರುತ್ತಿದೆ. ಸವೆದ ರಬ್ಬರ್, ಸರಿಯಾಗಿ ಒರೆಸದ ನೀರು, ಸಾಮಾನ್ಯವಾಗಿ ಇವೆರಡರಲ್ಲಿ ಒಂದು.

ಕ್ಯಾಲಿಬ್ರೇಟರಿನಲ್ಲಿ ಮೋಸ ಮಾಡುವುದು ವ್ಯಾಕ್ಯೂಮ್ ಗೇಜ್. ತೂತುಗಳಲ್ಲಿ ಪ್ಲೇಟ್‌ಔಟ್ (ಮಾಲಿನಿಂದ ಬಂದು ಅಂಟುವ ಪದರ) ಕಟ್ಟಿಕೊಂಡರೆ ಗಾಳಿ ಒಳನುಗ್ಗಲು ದಾರಿಯೇ ಇರದು, ಮುಳ್ಳು ಇನ್ನೂ ಚೆನ್ನಾಗಿ ನಿಲ್ಲುತ್ತದೆ! ಆದರೆ ಪ್ರೊಫೈಲ್ ಕ್ಯಾಲಿಬ್ರೇಟರಿನ ಗೋಡೆಗೆ ಅಂಟದೆ ಅಲ್ಲಲ್ಲಿ ಕುಸಿದಿರುತ್ತದೆ. ತೂತಿಗೆ ತೆಳು ತಾಮ್ರದ ತಂತಿಯನ್ನೇ ಹಾಕಿ. ಉಕ್ಕಿನ ತಂತಿ ಗೀರು ಮಾಡುತ್ತದೆ. ಪ್ರೊಫೈಲ್ ಬಿಲ್ಲಿನಂತೆ ಬಾಗುತ್ತಿದೆಯೇ? ಅದು ತಡವಾಗಿ ತಣಿದ ಬದಿಗೇ ಬಾಗುವುದು, ಹಾಗಾಗಿ ಆ ಬದಿಯ ನೀರಿನ ದಾರಿಯಲ್ಲಿ ಸುಣ್ಣ ಕಟ್ಟಿದೆಯೇ ನೋಡಿ.

ಬಿಸಿ ತುಂಡಿನ ಅಳತೆಯನ್ನು ನಾನು ನಂಬುವುದಿಲ್ಲ. 6 ಮೀಟರ್ ಉದ್ದದ ಯುಪಿವಿಸಿ 10 ಡಿಗ್ರಿ ತಣಿದರೇ ಸುಮಾರು 4ರಿಂದ 5 ಮಿ.ಮೀ. ಕುಗ್ಗುತ್ತದೆ. ಕೋಣೆಯ ತಾಪಕ್ಕೆ ಬಂದ ಮೇಲಿನ ಅಳತೆಯೇ ಅಳತೆ.

ಇನ್ನು ಎಲ್ಲರಿಗೂ ಕೈ ತುರಿಸುವ ಜಾಗವೆಂದರೆ ಹಾಲ್‌ಆಫ್ ಸ್ಪೀಡ್ ನಾಬ್. ಪ್ರೊಫೈಲಿನ ಗೋಡೆ ದಪ್ಪ ಬಂದರೆ ಸ್ವಲ್ಪ ಜೋರಾಗಿ ಎಳೆದರಾಯಿತು, ದಪ್ಪ ಅಳೆಯುವ ವರ್ನಿಯರ್ ಒಪ್ಪುತ್ತದೆ. ಆದರೆ ಎಳೆತ ಮಾಲಿನೊಳಗೆ ಹೆಪ್ಪುಗಟ್ಟಿ ಕೂತಿರುತ್ತದೆ, ಬಿಸಿ ತಾಗಿದಾಗ ಪ್ರೊಫೈಲ್ ಹಿಂದಕ್ಕೆ ಕುಗ್ಗುತ್ತದೆ. ಯುರೋಪಿನ ಇಎನ್ 12608 ಮಾನದಂಡದಲ್ಲಿ, 100 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಮುಖ್ಯ ಪ್ರೊಫೈಲ್ ಶೇ. 2ಕ್ಕಿಂತ ಹೆಚ್ಚು ಕುಗ್ಗುವಂತಿಲ್ಲ. ನಾಬ್ ತಿರುಗಿಸಿದ ದಿನ ಈ ಪರೀಕ್ಷೆಯನ್ನೂ ಮಾಡಿಸಿಯೇ ಮಾಲನ್ನು ಹೊರಗೆ ಬಿಡುತ್ತೇನೆ.