ಹೀಟ್ ಪಂಪ್‌ಗೆ ಬ್ಯಾಕಪ್ ಎಲಿಮೆಂಟ್: ಬೀದರಿನ ಥಂಡಿಯಲ್ಲಿ ನನ್ನ ಅನುಭವ

ಹೋದ ಎಳ್ಳ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಇದ್ದೆವು. ಬೆಳಗ್ಗೆ ಏಳೂವರೆಯೊಳಗೆ ಎಲ್ಲರ ಸ್ನಾನ ಮುಗಿಯಿತು. ಸಜ್ಜೆ ರೊಟ್ಟಿ, ಭಜ್ಜಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟೆವು. ಕೊನೆಗೆ ಬಚ್ಚಲಿಗೆ ಹೋದವನು ನಾನು, ನನಗೂ ಕೈ ಚುರ್ ಅನ್ನುವಷ್ಟು ಬಿಸಿನೀರು ಸಿಕ್ಕಿತು. ಅದು ಹೀಟ್ ಪಂಪಿನ ನೀರು. ಹೀಟ್ ಪಂಪ್ ಅಂದರೆ ಹೊರಗಿನ ಗಾಳಿಯಿಂದ ಬಿಸಿ ಎಳೆದು ಟ್ಯಾಂಕಿನ ನೀರು ಕಾಯಿಸುವ ಮಷೀನು. ಅದಕ್ಕೆ ಸಾಲದಾದಾಗ ಕೈಹಿಡಿಯುವ, ಗೀಸರಿನಲ್ಲಿರುವಂಥ ಕರೆಂಟ್ ಕೊಳವೆಯೇ ಬ್ಯಾಕಪ್ ಎಲಿಮೆಂಟ್. "ಹೀಟ್ ಪಂಪ್ ಅಂದ್ರ ಬ್ಯಾಸಿಗಿ ಸಾಮಾನು, ಬೀದರ ಥಂಡಿಗೆ ನಡೆಯಂಗಿಲ್ಲ" ಎಂದು ಎರಡು ವರ್ಷ ಹೇಳುತ್ತಿದ್ದ ನಮ್ಮ ಸೋದರಮಾವ ಕೂಡ ಅವತ್ತು ಎರಡು ಬಕೆಟ್ ಹಾಕಿಕೊಂಡು ಬಂದರು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನಮ್ಮದು ಗಾಂಧಿ ಗಂಜ್ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ. ಹಾಗಾಗಿ ಕಾಂಟ್ಯಾಕ್ಟರ್ (ಕರೆಂಟಿನಿಂದಲೇ ಹತ್ತಿ ಆರುವ ಸ್ವಿಚ್), ಥರ್ಮೋಸ್ಟಾಟ್ (ಬಿಸಿ ನೋಡಿ ಹತ್ತಿ ಆರುವ ಸ್ವಿಚ್) ಬಗ್ಗೆ ಉದ್ದಕ್ಕೆ ಹೇಳುತ್ತ ಕೂರುವುದಿಲ್ಲ.

2023ರ ಅಕ್ಟೋಬರ್‌ನಲ್ಲಿ 200 ಲೀಟರ್ ಹೀಟ್ ಪಂಪ್ ತಂದೆ. ಹೈದರಾಬಾದಿನಿಂದ ತರಿಸಿದ್ದು. ಗಾಡಿ ಬಾಡಿಗೆ ಸೇರಿ ಒಂದು ಲಕ್ಷದ ಹದಿನೈದು ಸಾವಿರದ ಆಸುಪಾಸು ಆಯಿತು. ಮನೆಯಲ್ಲಿ ಏಳು ಜನ. ಮುಂಚೆ ಎರಡು ಗೀಸರ್ ಇದ್ದವು, ಜೊತೆಗೆ ಅವ್ವನ ತಾಮ್ರದ ಬಂಬ. ಬಂಬಕ್ಕೆ ಕಟ್ಟಿಗೆ ಹಾಕಿಯೂ ಚಳಿಗಾಲದಲ್ಲಿ 260 ಯೂನಿಟ್ ಹತ್ತಿರ ಹೋಗುತ್ತಿತ್ತು. ಗೃಹಜ್ಯೋತಿ ಬಂದ ಮೇಲೆ ಲೆಕ್ಕವೇ ಬೇರೆಯಾಯಿತು ಅಲ್ವಾ? 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ನನಗೆ ಬೇಕಾಗಿದ್ದು ಇಷ್ಟೇ: ಬಿಸಿನೀರೂ ಸಿಗಬೇಕು, 200ರ ಒಳಗೂ ಇರಬೇಕು.

ನವೆಂಬರ್‌ವರೆಗೆ ಎಲ್ಲ ಚೆನ್ನಾಗಿತ್ತು. ಡಿಸೆಂಬರ್ ಬಂತು. ಬೀದರ್ ಊರು ಗುಡ್ಡದ ನೆತ್ತಿಯ ಮೇಲಿದೆ, ಕಲಬುರಗಿಗಿಂತ ಇನ್ನೂರು ಮೀಟರಿಗೂ ಜಾಸ್ತಿ ಎತ್ತರ. ಅಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ. ನಾನು ಟೈಮರ್ ಬೆಳಗಿನ ನಾಲ್ಕಕ್ಕೆ ಇಟ್ಟಿದ್ದೆ, ಎಲ್ಲರೂ ಇಡುವ ಹಾಗೆ. ಒಂದು ದಿನ ಟಾರ್ಚ್ ಹಿಡಿದು ಮಾಳಿಗೆ ಹತ್ತಿ ನೋಡಿದರೆ ಹೊರಗೆ 9 ಡಿಗ್ರಿ, ಗಾಳಿಯ ಬಿಸಿ ಎಳೆಯುವ ಕಾಯಿಲ್ ರೆಕ್ಕೆಗಳ ಮೇಲೆ ಬೆಳ್ಳಗೆ ಹಿಮ ಕೂತಿದೆ. ಮಷೀನು ಹಿಮ ಕರಗಿಸುತ್ತದೆ, ಮತ್ತೆ ಓಡುತ್ತದೆ, ಮತ್ತೆ ಕರಗಿಸುತ್ತದೆ. ಆರು ಗಂಟೆಗೆ ನೀರು 38 ಡಿಗ್ರಿ. ಅವ್ವ ಚೊಂಬಿನಲ್ಲಿ ಬೆರಳು ಅದ್ದಿ, "ಇದು ಬಿಸಿನೂ ಅಲ್ಲ, ತಣ್ಣಗೂ ಅಲ್ಲ. ನನ್ನ ಬಂಬನೇ ಛಲೋ ಇತ್ತು ನೋಡಪಾ" ಅಂದಳು.

ಹೈದರಾಬಾದಿನ ಡೀಲರ್‌ಗೆ ಫೋನ್ ಮಾಡಿದೆ. 3 ಕಿಲೋವ್ಯಾಟ್ ಬ್ಯಾಕಪ್ ಎಲಿಮೆಂಟ್ ಕಿಟ್ ಕಳಿಸಿದರು. ಒಂಬತ್ತೂವರೆ ಸಾವಿರ. ಟ್ಯಾಂಕಿನ ಕೆಳಗಿನ ಪೋರ್ಟ್‌ಗೆ (ಎಲಿಮೆಂಟ್ ತೂರಿಸಲು ಬಿಟ್ಟ ಬಾಯಿ) ಕೂರಿಸಿ ಅಂದರು, ಕೂರಿಸಿದೆ. ಮೊದಲ ವಾರ ಮನೆಯವರೆಲ್ಲ ಖುಷಿ. ನನಗೆ ಮಾತ್ರ ಅನುಮಾನ. ಹೀಟ್ ಪಂಪಿನ ಸದ್ದೇ ಕೇಳಿಸುತ್ತಿರಲಿಲ್ಲ. ಎರಡಕ್ಕೂ ಬೇರೆ ಬೇರೆ ಸಬ್‌ಮೀಟರ್ ಹಾಕಿದೆ. ದಿನಕ್ಕೆ ಎಲಿಮೆಂಟ್ ಆರು ಯೂನಿಟ್ ಚಿಲ್ಲರೆ ತಿನ್ನುತ್ತಿತ್ತು. ಹೀಟ್ ಪಂಪ್ ಅರ್ಧ ಯೂನಿಟ್ಟೂ ಇಲ್ಲ! ಕಾರಣ ಸುಲಭ. ನೀರಿನ ಬಿಸಿ ಅಳೆಯುವ ಹೀಟ್ ಪಂಪಿನ ಸೆನ್ಸರ್ ಕೂರುವ ಪಾಕೆಟ್ ಆ ಪೋರ್ಟಿನ ಮೇಲೆ ನಾಲ್ಕು ಬೆರಳಿನಷ್ಟು ದೂರದಲ್ಲಿದೆ. ಎಲಿಮೆಂಟ್ ಮೊದಲು ಅದನ್ನೇ ಬಿಸಿ ಮಾಡುತ್ತದೆ. ಪಂಪು "ನೀರು ಕಾದಿದೆ" ಎಂದು ತಿಳಿದು ನಿಂತುಬಿಡುತ್ತದೆ. ಲಕ್ಷ ರೂಪಾಯಿ ಕೊಟ್ಟು ತಂದದ್ದು ಸುಮ್ನೆ ನಿಂತಿತ್ತು, ಕೆಲಸವೆಲ್ಲ ಎಲಿಮೆಂಟ್ ಮಾಡುತ್ತಿತ್ತು. ಆ ತಿಂಗಳು 300 ಯೂನಿಟ್ ಮುಟ್ಟಿತು. ಬಿಲ್ ಎರಡೂವರೆ ಸಾವಿರದ ಮೇಲೆ.

2024ರ ಜನವರಿಯ ಎಳ್ಳ ಅಮಾವಾಸ್ಯೆ ಬೆಳಗ್ಗೆ ಇನ್ನೊಂದು ಏಟು. ಎಲಿಮೆಂಟ್ ಓಡುವಾಗಲೇ ಬೋರ್ ಮೋಟಾರ್ ಹಾಕಿದರು, ಒಳಗೆ ಮಿಕ್ಸರ್ ಬೇರೆ. ಲೋಡ್ ಜಾಸ್ತಿಯಾಗಿ ಎಂಸಿಬಿ ಸ್ವಿಚ್ ಬಿತ್ತು, ಎಲಿಮೆಂಟ್ ನಿಂತಿತು. ಅಡುಗೆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ. ಐದನೆಯವರಿಗೆ ತಣ್ಣೀರು. ಬಂದಿದ್ದ ಬೀಗರ ಮುಂದೆ ಅವ್ವ ಬಂಬಕ್ಕೆ ಉರಿ ಹಾಕಿದಳು. ಅವತ್ತು ನನಗಾದ ಸಂಕಟ ಈಗಲೂ ನೆನಪಿದೆ.

ಮಾರ್ಚ್‌ನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳಲು ಶುರುವಾಯಿತು. ಎಲಿಮೆಂಟ್ ಹೊರಗೆ ತೆಗೆದೆ. ಅದನ್ನು ನೀವೂ ನೋಡಬೇಕಿತ್ತು. ಬೆರಳಿನಷ್ಟು ದಪ್ಪದ ಕೊಳವೆ ಸುಣ್ಣ ಹತ್ತಿ ಬದನೆಕಾಯಿಯಷ್ಟು ದಪ್ಪವಾಗಿತ್ತು. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಬಿಳಿ ಚಕ್ಕೆ ಉದುರುತ್ತಿತ್ತು, ಒಳಪದರ ಮಾತ್ರ ಬೂದುಬಣ್ಣ, ಕಲ್ಲಿನ ಹಾಗೆ ಗಟ್ಟಿ. ಬಾಗಿದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು. ಅಲ್ಲಿಂದಲೇ ನೀರು ಒಳಗೆ ಹೋಗಿ ಲೀಕೇಜ್ ಆಗುತ್ತಿತ್ತು. ನಮ್ಮದು ಬೋರ್ ನೀರು, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 700 ತೋರಿಸುತ್ತದೆ. ಚಿಕ್ಕ ಎಲಿಮೆಂಟ್‌ನಲ್ಲಿ ಜಾಸ್ತಿ ವ್ಯಾಟ್ ತುಂಬಿದರೆ ಅದರ ಮೈ ಕಾದು ಸುಣ್ಣ ಬೇಗ ಅಂಟುತ್ತದೆ. ಮೂರೇ ತಿಂಗಳಲ್ಲಿ ಒಂಬತ್ತೂವರೆ ಸಾವಿರ ಹೋಯಿತು. ಆರ್‌ಸಿಸಿಬಿ ಇಲ್ಲದೆ ಈ ಕೆಲಸಕ್ಕೆ ಯಾರೂ ಕೈ ಹಾಕಬೇಡಿ. ಅವತ್ತು ಅದು ಬೀಳದಿದ್ದರೆ ಬಚ್ಚಲಲ್ಲಿ ನಮ್ಮ ಮಕ್ಕಳಿದ್ದರು.

ಎರಡನೇ ಚಳಿಗಾಲಕ್ಕೆ ಟ್ಯಾಂಕಿನ ತಂಟೆಯೇ ಬೇಡ ಎಂದು ಬಚ್ಚಲ ಪೈಪಿಗೆ 3 ಕಿಲೋವ್ಯಾಟ್ ಇನ್‌ಸ್ಟಂಟ್ ಹೀಟರ್ ಹಾಕಿದೆ. ಆರೂವರೆ ಸಾವಿರ. ಹೊರಗೆ ಹೋಗುವ ನೀರಿಗಷ್ಟೇ ಬಿಸಿ ಕೊಟ್ಟರೆ ಸಾಕಲ್ಲ ಎಂದು ಯೋಚನೆ. ಕಾಗದದ ಮೇಲೆ ಸರಿ. ಆದರೆ ನಮ್ಮ ಓಣಿಯಲ್ಲಿ ಬೆಳಗ್ಗೆ ಆರಕ್ಕೆ ವೋಲ್ಟೇಜ್ 185. ವೋಲ್ಟೇಜ್ ಇಳಿದರೆ ಹೀಟರ್ ಬಲ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅದು ನಮಗೆಲ್ಲ ಗೊತ್ತು. ಮೂರು ಕಿಲೋವ್ಯಾಟ್ ಅನ್ನುವುದು ಎರಡಕ್ಕೂ ಕಡಿಮೆ. 20 ಡಿಗ್ರಿ ಏರಿಸಬೇಕು ಅಂದರೆ ನಿಮಿಷಕ್ಕೆ ಒಂದೂವರೆ ಲೀಟರೂ ಬರುತ್ತಿರಲಿಲ್ಲ. ಬಕೆಟ್ ತುಂಬಲು ಹದಿನೈದು ನಿಮಿಷ. ಪ್ಲಂಬರ್ ಚಾಚಾ, "ಭಾಯ್, ನಾಲ್ಕೂವರೆದು ಹಾಕಿ, ಎಲ್ಲಾ ಠೀಕ್ ಆಗ್ತದ" ಅಂದರು. ನಾನು ಒಪ್ಪಲಿಲ್ಲ. ಆ ವೋಲ್ಟೇಜ್‌ನಲ್ಲಿ ದೊಡ್ಡದು ಹಾಕಿದರೆ ಓಣಿಯ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಅದನ್ನು ಬಿಚ್ಚಿ ಅರ್ಧ ಬೆಲೆಗೆ ಮಾರಿದೆ.

ಅಲ್ಲಿಗೆ ತಿರುಗಿ ಯೋಚಿಸಿದೆ. ಹೀಟ್ ಪಂಪ್ ಗಾಳಿಯಿಂದ ಬಿಸಿ ಎಳೆಯುತ್ತದೆ. ಹಾಗಾದರೆ ದಿನದಲ್ಲೇ ಅತಿ ಥಂಡಿ ಹೊತ್ತಿನಲ್ಲಿ ಅದನ್ನು ಯಾಕೆ ಓಡಿಸಬೇಕು? ಬೀದರಿನಲ್ಲಿ ಡಿಸೆಂಬರ್ ಮಧ್ಯಾಹ್ನ ಎರಡಕ್ಕೆ 27, 28 ಡಿಗ್ರಿ ಇರುತ್ತದೆ. ಮಾಳಿಗೆ ಟ್ಯಾಂಕಿನ ನೀರೂ ಬಿಸಿಲಿಗೆ 24 ಆಗಿರುತ್ತದೆ, ಬೆಳಗಿನ ಜಾವ ಅದೇ ನೀರು 18. ಟೈಮರನ್ನು ಮಧ್ಯಾಹ್ನ ಒಂದರಿಂದ ನಾಲ್ಕೂವರೆಗೆ ತಿರುಗಿಸಿದೆ. ಬೆಳಗಿನ ಜಾವ ಟ್ಯಾಂಕ್ ತುಂಬ ಕಾಯಿಸಲು 3.3 ಯೂನಿಟ್ ಆಗುತ್ತಿತ್ತು. ಮಧ್ಯಾಹ್ನ 1.9! ರಾತ್ರಿ ಇಡೀ ಟ್ಯಾಂಕಿನಲ್ಲಿ ಇಟ್ಟರೆ ಇಳಿಯುವುದು ನಾಲ್ಕೈದು ಡಿಗ್ರಿ. ಬಿಸಿನೀರಿನ ಪೈಪಿಗೆ ನೈಟ್ರೈಲ್ ಫೋಮ್ ಸುತ್ತಿದ ಮೇಲೆ ಮೂರಕ್ಕೆ ಬಂತು. ಬ್ಯಾಕಪ್ ಆರಿಸುವ ಮುಂಚೆ ನಾನು ಮಾಡಬೇಕಾಗಿದ್ದ ಕೆಲಸ ಇದು. ಅರ್ಧ ಚಿಂತೆ ಇಲ್ಲೇ ಮುಗಿಯಿತು.

ಇನ್ನರ್ಧ ಉಳಿಯಿತು. ಮಧ್ಯಾಹ್ನ ಕರೆಂಟ್ ಹೋದ ದಿನ, ಮೋಡ ಕವಿದ ದಿನ, ಬೀಗರು ಬಂದ ದಿನ. ಅಂಥ ದಿನಗಳಿಗೆ ಮಾತ್ರ ಎಲಿಮೆಂಟ್ ಬೇಕು. ಅದಕ್ಕೆ ಇಡೀ ಟ್ಯಾಂಕ್ ಕಾಯಿಸುವ ಗರಜೇ ಇಲ್ಲ. ನಮ್ಮ ಟ್ಯಾಂಕಿನಲ್ಲಿ ಮೇಲಿನ ಮೂರನೇ ಒಂದು ಭಾಗದ ಹತ್ತಿರ, ಸೋಲಾರ್ ಜೋಡಿಸಲು ಬಿಟ್ಟ ಒಂದು ಪೋರ್ಟ್ ಇತ್ತು. ಅಲ್ಲಿ ಎಲಿಮೆಂಟ್ ಕೂರಿಸಿದರೆ ಅದರ ಮೇಲಿನ 65 ಲೀಟರ್ ಮಾತ್ರ ಕಾಯುತ್ತದೆ. ಬಿಸಿನೀರು ಕೆಳಗಿಳಿಯುವುದಿಲ್ಲ, ಕೆಳಗಿನ ಸೆನ್ಸರ್‌ಗೆ ಸುದ್ದಿಯೂ ಮುಟ್ಟುವುದಿಲ್ಲ. ಪೋರ್ಟ್ ಇಲ್ಲದಿದ್ದರೆ ತೂತು ಕೊರೆಯಲು, ವೆಲ್ಡಿಂಗ್ ಮಾಡಲು ಹೋಗಬೇಡಿ. ಒಳಗಿನ ಎನಾಮೆಲ್ ಲೇಪ ಬಿರುಕು ಬಿಟ್ಟರೆ ಟ್ಯಾಂಕ್ ತುಕ್ಕು ಹಿಡಿಯುತ್ತದೆ.

2024ರ ಡಿಸೆಂಬರ್‌ನಲ್ಲಿ ಹಾಕಿದ್ದು 1.5 ಕಿಲೋವ್ಯಾಟ್ ಇನ್‌ಕೊಲಾಯ್ (ನಿಕಲ್ ಮಿಶ್ರಲೋಹ) ಎಲಿಮೆಂಟ್, ಉದ್ದನೆಯದು. ಉದ್ದ ಜಾಸ್ತಿ ಇದ್ದಷ್ಟು ಮೈ ಬಿಸಿ ಕಡಿಮೆ, ಸುಣ್ಣವೂ ಕಡಿಮೆ. "ಒಂದೂವರೆದಾಗ ಏನಾಗ್ತದ?" ಎಂದು ಎಲ್ಲರೂ ಕೇಳಿದರು. ನನ್ನ ಲೆಕ್ಕ ಸರಳ: 65 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಎರಡು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ವೋಲ್ಟೇಜ್ 200 ಇದ್ದರೂ ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬೆಳಗಿನ ನಾಲ್ಕೂವರೆಗೆ ಮೇಲಿನ ನೀರು 42ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹತ್ತುತ್ತದೆ, 48ಕ್ಕೆ ಆರುತ್ತದೆ. ಕಾಂಟ್ಯಾಕ್ಟರಿನ ಎನ್‌ಸಿ ಪಾಯಿಂಟ್‌ನಿಂದ (ಕಾಂಟ್ಯಾಕ್ಟರ್ ಹತ್ತಿದಾಗ ಬಿಟ್ಟುಕೊಳ್ಳುವ ಪಾಯಿಂಟ್) ಇಂಟರ್‌ಲಾಕ್ ಕೊಟ್ಟಿದ್ದೇನೆ. ಹೀಟ್ ಪಂಪಿನ ಕಂಪ್ರೆಸರ್ ಓಡುವಾಗ ಎಲಿಮೆಂಟ್ ಬರುವುದೇ ಇಲ್ಲ. ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಬೇರೆ ಥರ್ಮಲ್ ಕಟೌಟ್, 30 ಮಿಲಿಆಂಪ್ ಆರ್‌ಸಿಸಿಬಿ, ಬೋರ್ಡಿನಿಂದ ನೇರ 4 ಸ್ಕ್ವೇರ್ ಎಂಎಂ ವೈರ್. ಎಲ್ಲ ಸೇರಿ ಆರು ಸಾವಿರ ಚಿಲ್ಲರೆ, ಕೂಲಿ ನನ್ನದೇ. ಮೇಲಿನ ಸೆನ್ಸರ್ ಪೋರ್ಟಿನಿಂದ ಎಷ್ಟು ಮೇಲಿದೆ, ಅದನ್ನು ಟ್ಯಾಂಕಿನ ಮೈಗೆ ಹೇಗೆ ಕೂರಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಒಂದು ತಿಂಗಳು ಹಿಡಿದಿದೆ. ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. 3 ಕಿಲೋವ್ಯಾಟ್‌ನ ಎರಡು ಎಲಿಮೆಂಟ್ ತಂದು ಸೀರೀಸ್‌ನಲ್ಲಿ ಕಟ್ಟಿದೆ. ಎರಡೂ ಸೇರಿ ಒಂದೂವರೆ ಕಿಲೋವ್ಯಾಟ್, ಒಂದೊಂದರ ಪಾಲಿಗೆ 750 ವ್ಯಾಟ್. ಹಳೇ ಡ್ರಮ್ಮಿನಲ್ಲಿ ಅದೇ ಬೋರ್ ನೀರು ಹಾಕಿ ಎರಡು ತಿಂಗಳು ದಿನಾ ಓಡಿಸಿದೆ. ಸುಣ್ಣ ತೆಳ್ಳಗೆ ಪುಡಿಯ ಹಾಗೆ ಹತ್ತಿತ್ತು, ಬಟ್ಟೆಯಿಂದ ಒರೆಸಿದರೆ ಹೋಯಿತು. ಬಹಳ ಒಳ್ಳೆಯ ಉಪಾಯ, ಆದರೆ ಎರಡು ಪೋರ್ಟ್ ಬೇಕು. ಅಡುಗೆಮನೆಯ ಎಕ್ಸಾಸ್ಟ್ ಗಾಳಿಯನ್ನು ಹೀಟ್ ಪಂಪಿನ ಕಡೆಗೆ ತಿರುಗಿಸಿಯೂ ನೋಡಿದೆ. ಎಣ್ಣೆ ಜಿಡ್ಡು ಹೋಗಿ ಕಾಯಿಲ್‌ಗೆ ಅಂಟಿತು, ವಾರದಲ್ಲೇ ತೆಗೆದೆ.

ಈಗಿನ ಲೆಕ್ಕ ಹೇಳುತ್ತೇನೆ. ಒಂದು ಚಳಿಗಾಲದಲ್ಲಿ ಎಲಿಮೆಂಟ್ ಹತ್ತುವುದು ಇಪ್ಪತ್ತು ದಿನ ಇರಬಹುದು, ತಿನ್ನುವುದು ಒಟ್ಟು 35 ಯೂನಿಟ್. ಡಿಸೆಂಬರ್ ಮೀಟರ್ 175ರ ಹತ್ತಿರ ನಿಲ್ಲುತ್ತದೆ. ಹೋದ ಮಳೆಗಾಲದಲ್ಲಿ ಎಲಿಮೆಂಟ್ ತೆಗೆದು ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿ ಇಟ್ಟೆ, ಬೆಳಗ್ಗೆ ಹೊಸದರ ಹಾಗೆ ಹೊಳೆಯುತ್ತಿತ್ತು. ಟ್ಯಾಂಕಿನ ಬದಲು ತಾನು ಸವೆದು ತುಕ್ಕು ತಡೆಯುವ ಮೆಗ್ನೀಸಿಯಮ್ ಆನೋಡ್ ಅರ್ಧ ಸವೆದಿತ್ತು, ಬದಲಿಸಿದೆ.

ಹೋದ ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಎಲಿಮೆಂಟನ್ನು ಕೈಯಿಂದಲೇ ಬೆಳಗಿನ ನಾಲ್ಕೂವರೆಗೆ ಹಾಕಿ ಏಳೂವರೆವರೆಗೆ ಬಿಟ್ಟಿದ್ದೆ. ಟ್ಯಾಂಕಿನ 200 ಲೀಟರ್ ಮೇಲೆ ಇನ್ನೊಂದು ನೂರು ಲೀಟರ್ ಅದು ಕೊಟ್ಟಿತು. ಮೊದಲು ಏಳು ಜನ, ನಡುವೆ ಚಹಾಕ್ಕೆ ಅರ್ಧ ಗಂಟೆ ಬಿಡುವು, ಆಮೇಲೆ ಉಳಿದ ಏಳು ಜನ. ಅವ್ವ ಬಂಬಕ್ಕೆ ಕಟ್ಟಿಗೆ ಹಾಕಲಿಲ್ಲ. ಹೊಲದಲ್ಲಿ ಊಟಕ್ಕೆ ಕೂತಾಗ ಮಾವ ನನ್ನ ಪಕ್ಕಕ್ಕೆ ಸರಿದು, "ನಮ್ಮ ಹುಮನಾಬಾದ ಮನಿಗೂ ಒಂದು ಹಾಕಿ ಕೊಡು" ಅಂದರು.

ಅವರು ನೋಡಿರುವ ಟ್ಯಾಂಕಿನಲ್ಲಿ ಮೇಲಿನ ಪೋರ್ಟ್ ಇಲ್ಲ. ಅದಕ್ಕೆ ಹೊರಗೆ ಹೋಗುವ ಬಿಸಿನೀರಿನ ಪೈಪಿಗೆ ಅವರದೇ ಹಳೇ 25 ಲೀಟರ್ ಗೀಸರನ್ನು ಸಾಲಾಗಿ ಜೋಡಿಸುವುದು ಎಂದು ಮಾಡಿದ್ದೇನೆ. 40 ಡಿಗ್ರಿ ನೀರು ಒಳಗೆ ಬಂದರೆ ಹತ್ತು ಡಿಗ್ರಿ ಏರಿಸುವುದಷ್ಟೇ ಅದರ ಕೆಲಸ. ಪಂಪು ಇನ್ನೂ ಬಂದಿಲ್ಲ. ಗೀಸರ್ ಮಾತ್ರ ತೊಳೆದು, ಹೊಸ ಆನೋಡ್ ಹಾಕಿ ಅಂಗಡಿಯಲ್ಲಿ ಇಟ್ಟಿದ್ದೇನೆ.