ಡಿಫೆಂಡರ್‌ಗೆ ಯಾವ ಆಪ್ಷನ್ ಹಾಕಿಸಿದೆ, ಯಾವುದನ್ನು ಬಿಟ್ಟೆ

ಯಾವ ಗಾಡಿ ತಗೊಳ್ಳೋದು ಅನ್ನೋದು ನಮ್ಮ ಮನೆಯಲ್ಲಿ ಎರಡೇ ವಾರಕ್ಕೆ ಮುಗಿದ ಮಾತು. ಆ ಗಾಡಿಯಲ್ಲಿ ಏನೇನು ಇರಬೇಕು ಅನ್ನೋದಕ್ಕೆ ಎರಡೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಸಲ ಕಾಫಿ ಕುಯ್ಲೇ ಮುಗಿದಿತ್ತು.

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ತೋಟ. ಮಗ ಬೆಂಗಳೂರಿನಲ್ಲಿ. ತಿಂಗಳಿಗೆ ಎರಡು ಮೂರು ಸಲವಾದರೂ ಆ 220 ಕಿಲೋಮೀಟರ್ ಓಡಾಟ ಇದ್ದೇ ಇರುತ್ತದೆ. ಆಸ್ಪತ್ರೆಗೆ, ಮದುವೆಗೆ ಅಂತ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗುತ್ತೇವೆ. 2024ರಲ್ಲಿ ರೊಬಸ್ಟಾ ಕಾಫಿ ರೇಟು ಹಿಂದೆಂದೂ ಕಾಣದಷ್ಟು ಏರಿತಲ್ಲ, ಆ ವರ್ಷ ಧೈರ್ಯ ಮಾಡಿ ಲ್ಯಾಂಡ್ ರೋವರ್ ಕಂಪನಿಯ ಡಿಫೆಂಡರ್ 110 ಡೀಸೆಲ್ ಬುಕ್ ಮಾಡಿದೆವು.

ಶೋರೂಮಿನ ಹುಡುಗ ದೊಡ್ಡ ಪರದೆಯ ಮುಂದೆ ಕೂರಿಸಿ, "ಸಾರ್, ನಿಮಗೆ ಬೇಕಾದ್ದಕ್ಕೆ ಟಿಕ್ ಹಾಕ್ತಾ ಹೋಗಿ" ಅಂದ. ಮದುವೆ ಊಟದಲ್ಲಿ ಬಡಿಸುವವರ ಹಾಗೆ ಒಂದಾದ ಮೇಲೊಂದು ಬರುತ್ತಲೇ ಇತ್ತು. ಈ ಮಾದರಿ 2019ರಲ್ಲಿ ಹೊರಬಂದಾಗಲೇ ಇದಕ್ಕೆ 170 ಆಕ್ಸೆಸರಿ ಇದ್ದವು. ಮೊದಲ ದಿನ ನಾನೂ ಮಗನೂ ಸೇರಿ ಟಿಕ್ ಹಾಕಿದ್ದರ ಮೊತ್ತ ನೋಡಿ ನನ್ನ ಹೆಂಡತಿ, "ಏನ್ರೀ, ಇಷ್ಟರಲ್ಲಿ ಇನ್ನೊಂದು ಕಾರೇ ಬರುತ್ತಲ್ವಾ?" ಅಂದಳು. ಸುಳ್ಳಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಕಂಪನಿ 2008ರಿಂದ ಟಾಟಾದವರದ್ದೇ. ಆದರೆ ಡಿಫೆಂಡರ್ ತಯಾರಾಗುವುದು ಸ್ಲೊವಾಕಿಯಾದ ನಿತ್ರಾದಲ್ಲಿ. ಅಲ್ಲಿಂದ ಪೂರ್ತಿ ಗಾಡಿಯಾಗಿಯೇ ಹಡಗು ಹತ್ತಿ ಬರುತ್ತದೆ. ಹಾಗಾಗಿ ಕಾರ್ಖಾನೆಯಲ್ಲಿ ಹಾಕಿದ ಆಪ್ಷನ್ನಿಗೂ ಗಾಡಿಯ ಸುಂಕವೇ. 100 ರೂಪಾಯಿಯ ವಸ್ತು ಅಂದುಕೊಳ್ಳಿ. ಕಸ್ಟಮ್ಸ್ ಸುಂಕ ಸೇರಿದರೆ 200 ದಾಟುತ್ತದೆ. ಅದರ ಮೇಲೆ ಆಗ ಜಿಎಸ್‌ಟಿ ಶೇ 28, ಸೆಸ್ ಶೇ 22. ಅಲ್ಲಿಗೆ 300. ಇನ್ನು ನಮ್ಮ ಕರ್ನಾಟಕದ ರೋಡ್ ಟ್ಯಾಕ್ಸು. 20 ಲಕ್ಷ ಮೇಲಿನ ಗಾಡಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಸೆಸ್, ಹತ್ತಿರ ಹತ್ತಿರ ಶೇ 20. 360 ಆಯಿತು. ಇದರಲ್ಲಿ ಕಂಪನಿಯ ಲಾಭ, ಡೀಲರ್ ಲಾಭ ಸೇರಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40 ಆಗಿ ಸೆಸ್ ಹೋಯಿತು. ನಾನು ಅದಕ್ಕೆ ಮುಂಚೆಯೇ ದುಡ್ಡು ಕಟ್ಟಿ ಆಗಿತ್ತು, ಬಿಡಿ.

ಈ ಲೆಕ್ಕ ಕಂಡ ಮೇಲೆ ಪಟ್ಟಿಯನ್ನು ಎರಡು ಭಾಗ ಮಾಡಿದೆ. ಆಮೇಲೆ ಹಾಕಿಸಲು ಆಗದೇ ಇರುವುದು ಒಂದು ಕಡೆ. ಯಾವತ್ತು ಬೇಕಾದರೂ ಬೋಲ್ಟ್ ಬಿಗಿದು ಕೂರಿಸಬಹುದಾದ್ದು ಇನ್ನೊಂದು ಕಡೆ. ಮಡ್‌ಫ್ಲಾಪ್, ರಬ್ಬರ್ ಮ್ಯಾಟು, ರೂಫ್ ರ‍್ಯಾಕು, ಡಿಕ್ಕಿಯ ಟ್ರೇ ಎಲ್ಲ ಎರಡನೇ ಗುಂಪು. ಬಿಡಿ ಸಾಮಾನಾಗಿ ಬಂದರೆ ಗಾಡಿಗಿರುವಷ್ಟು ಸುಂಕವೂ ಇಲ್ಲ, ಇನ್‌ವಾಯ್ಸಿನಲ್ಲಿ ಸೇರದ್ದರಿಂದ ರೋಡ್ ಟ್ಯಾಕ್ಸೂ ಇಲ್ಲ. ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್, ಸೀಟು, ಸನ್‌ರೂಫ್ ಮೊದಲ ಗುಂಪು. ನನ್ನ ತಲೆ ಓಡಿಸಿದ್ದೆಲ್ಲ ಆ ಮೊದಲ ಗುಂಪಿನ ಮೇಲೆ.

ಮನೆಯಲ್ಲಿ ಜಾಸ್ತಿ ಜಗಳ ಆಗಿದ್ದು ಚಕ್ರದ ವಿಷಯಕ್ಕೆ. ಮಗನಿಗೆ 22 ಇಂಚಿನ ಕಪ್ಪು ಅಲಾಯ್ ಬೇಕು. ನೋಡಲು ಚಂದವೇ, ಇಲ್ಲ ಅನ್ನಲ್ಲ. ಟೈರಿನ ಬದಿಯ ಮೇಲೆ ಬರೆದಿರುತ್ತದಲ್ಲ, 275/45 ಆರ್ 22 ಅಂತ, ಅದನ್ನು ಲೆಕ್ಕ ಮಾಡಿದರೆ ಗೊತ್ತಾಗುತ್ತದೆ. 275 ಮಿಲಿಮೀಟರ್ ಅಗಲ, ಅದರ ಶೇ 45 ಎತ್ತರ. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ 124 ಮಿಲಿಮೀಟರ್ ರಬ್ಬರು. 20 ಇಂಚಿಗೆ 255/60, ಅದು 153. 19 ಇಂಚಿಗೆ 255/65, ಸುಮಾರು 166. ಮಳೆಗಾಲ ಮುಗಿದ ಮೇಲೆ ಶಿರಾಡಿ ರಸ್ತೆ ಹೇಗಿರುತ್ತದೆ ಅಂತ ಕಂಡವರಿಗೆ ಈ ನಾಲ್ಕು ಸೆಂಟಿಮೀಟರ್ ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ. ತೋಟದೊಳಗಿನ ದಾರಿಯಂತೂ ಅರ್ಧ ಕಲ್ಲು, ಅರ್ಧ ಬೇರು. ಹಳೆಯ ಗಾಡಿಯಲ್ಲಿ ಒಂದೇ ಮಳೆಗಾಲಕ್ಕೆ ಎರಡು ಸಲ ಟೈರಿನ ಬದಿ ಹರಿದಿತ್ತು. ಬದಿ ಹರಿದರೆ ಪಂಚರ್ ಹಾಕಲು ಬರಲ್ಲ, ಹೊಸ ಟೈರೇ ಗತಿ. ಕೊನೆಗೆ 19ಕ್ಕೆ ನಿಂತೆವು. ಮಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಎಲೆಕ್ಟ್ರಾನಿಕ್ ಹಿಂಬದಿ ಡಿಫರೆನ್ಷಿಯಲ್‌ಗೆ ಮರುಮಾತಿಲ್ಲದೆ ಟಿಕ್ ಹಾಕಿದೆ. ಕೆಂಪು ಜೇಡಿಯಲ್ಲಿ ಒಂದು ಚಕ್ರ ಸುಮ್ನೆ ಗಿರ್ರನೆ ತಿರುಗುತ್ತಾ ಕೂತರೆ ಗಾಡಿ ಮೇಲೇಳುವುದಿಲ್ಲ. ಹಿಡಿತ ಇರುವ ಚಕ್ರಕ್ಕೆ ಬಲ ಹೋಗಬೇಕು. ಶೋರೂಮಿನಲ್ಲಿ ಇದನ್ನು ಯಾರೂ ಒತ್ತಿ ಹೇಳಲಿಲ್ಲ. ಕಣ್ಣಿಗೆ ಕಾಣದ ವಸ್ತು, ಮಾರುವುದು ಕಷ್ಟ. ಅವರು ಹೊಗಳಿದ್ದು ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ ಬರುವ ಎಕ್ಸ್‌ಪ್ಲೋರರ್ ಪ್ಯಾಕನ್ನು. ಗಾಳಿ ತುಂಬಿ ಗಾಡಿಯನ್ನು ಎತ್ತುವ, ಇಳಿಸುವ ಏರ್ ಸಸ್ಪೆನ್ಷನ್ ಇದ್ದರೆ ಈ ಗಾಡಿ ಸ್ನಾರ್ಕೆಲ್ ಇಲ್ಲದೆಯೇ 900 ಮಿಲಿಮೀಟರ್ ನೀರು ದಾಟುತ್ತದೆ. ಹೇಮಾವತಿ ಅದಕ್ಕಿಂತ ಜಾಸ್ತಿ ತುಂಬಿ ಹರಿಯುವ ದಿನ ನಾನು ಮನೆಯಲ್ಲಿ ಬಿಸಿ ಕಾಫಿ ಕುಡಿಯುತ್ತಾ ಕೂತಿರುತ್ತೇನೆ.

ಪ್ಯಾಕ್‌ಗಳ ಬಗ್ಗೆ ಒಂದು ಮಾತು. ಎಕ್ಸ್‌ಪ್ಲೋರರ್, ಅಡ್ವೆಂಚರ್, ಕಂಟ್ರಿ, ಅರ್ಬನ್ ಅಂತ ಶುರುವಿನಿಂದಲೂ ನಾಲ್ಕಿವೆ. ಬೇಕಾದ್ದು ಎರಡು ಇದ್ದರೆ ಅದರ ಜೊತೆ ಬೇಡದ್ದು ನಾಲ್ಕು ಬರುತ್ತವೆ. ನನಗೆ ಬೇಕಿದ್ದದ್ದು ಕಂಟ್ರಿ ಪ್ಯಾಕಿನ ಮಡ್‌ಫ್ಲಾಪ್ ಮತ್ತು ಚಕ್ರದ ಮೇಲಿನ ರಕ್ಷಾಪಟ್ಟಿ. ಅವೆರಡನ್ನೇ ಬಿಡಿಯಾಗಿ ಆಮೇಲೆ ತರಿಸಿದೆ.

ಅವ್ವನಿಗೆ ಮಂಡಿನೋವು. ಅವಳಿಗೋಸ್ಕರ ಬಾಗಿಲು ತೆಗೆದ ಕೂಡಲೇ ತಾನಾಗಿ ಹೊರಬರುವ ಮೆಟ್ಟಿಲು ಹಾಕಿಸೋಣ ಅಂತಿದ್ದೆ. ಟೆಸ್ಟ್ ಡ್ರೈವ್ ದಿನ ಅವಳನ್ನೂ ಕರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಏರ್ ಸಸ್ಪೆನ್ಷನ್ ಗಾಡಿಯನ್ನು 50 ಮಿಲಿಮೀಟರ್ ಕೆಳಗಿಳಿಸುತ್ತದೆ. ಆದರೂ ಅವಳಿಗೆ ಹತ್ತಲು ಆಗಲಿಲ್ಲ. ಅಲ್ಲೇ ಇದ್ದ ಇನ್ನೊಂದು ಗಾಡಿಯ ಸಾದಾ ಮೆಟ್ಟಿಲು ತೋರಿಸಿ, "ಇದೇ ಇರ್ಲಿ ಬಿಡಪ್ಪ, ಅಲ್ಲಾಡಲ್ಲ" ಅಂದಳು. ಕೆಸರಿನಲ್ಲಿ ಓಡಾಡುವ ಗಾಡಿಗೆ ಮೋಟರು, ಕೀಲು ಇರುವ ಮೆಟ್ಟಿಲು ಬೇಡ ಅಂತ ನನಗೂ ಒಳಗೊಳಗೇ ಅನ್ನಿಸುತ್ತಿತ್ತು. ಸಾದಾ ಮೆಟ್ಟಿಲಿನಿಂದ ದಿಣ್ಣೆ ದಾಟುವಾಗ ಹೊಟ್ಟೆ ತಾಗುವ ಅಪಾಯ ಸ್ವಲ್ಪ ಜಾಸ್ತಿ, ನಿಜ. ಆದರೆ ಅವ್ವ ವಾರಕ್ಕೆರಡು ಸಲ ಹತ್ತುತ್ತಾಳೆ, ದಿಣ್ಣೆಯನ್ನು ನಾನು ನೋಡಿಕೊಂಡು ದಾಟುತ್ತೇನೆ.

ಸನ್‌ರೂಫ್ ಬಿಟ್ಟೆ. ನೆಂಟರೊಬ್ಬರ ಬೇರೊಂದು ಗಾಡಿಯಲ್ಲಿ ಸಿಲ್ವರ್ ಓಕ್ ಎಲೆಪುಡಿ ಸೇರಿಕೊಂಡು ಸನ್‌ರೂಫಿನ ನೀರು ಹೋಗುವ ಕೊಳವೆ ಕಟ್ಟಿ, ಆಷಾಢದ ಮಳೆ ನೇರ ತಲೆಯ ಮೇಲೇ ಸುರಿದಿತ್ತು. ಮರದ ಕೆಳಗೆ ನಿಲ್ಲುವ ಗಾಡಿಗೆ ಅದೊಂದು ನಿತ್ಯದ ಚಾಕರಿ. ತಿಳಿ ಬಣ್ಣದ ಸೀಟು ಚಂದ ಅಂತ ಹೆಂಡತಿ ಹೇಳಿದಳು. ಮಾರನೇ ದಿನ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು ಕೆಸರು ಪ್ಯಾಂಟಿನಲ್ಲೇ ಹಳೆ ಗಾಡಿ ಹತ್ತಿ ಕೂತಿದ್ದು ನೋಡಿ ಅವಳೇ ಕಪ್ಪು ಅಂದಳು. ಗಾಳಿ ಆಡುವ ಮುಂದಿನ ಸೀಟು ಮಾತ್ರ ಹಾಕಿಸಿದೆವು. ಏಪ್ರಿಲ್‌ನಲ್ಲಿ ಹಾಸನ ದಾಟಿ ಚನ್ನರಾಯಪಟ್ಟಣದ ಬಿಸಿಲಿಗೆ ಬಂದಾಗ ಕೊಟ್ಟ ದುಡ್ಡು ನೆನಪಾಗುವುದಿಲ್ಲ.

ಡಿಜಿಟಲ್ ಹಿಂಬದಿ ಕನ್ನಡಿಯಲ್ಲಿ ಮಾತ್ರ ನಾನು ಎಡವಿದೆ. ಸ್ಪೇರ್ ಚಕ್ರ ಹಿಂಬಾಗಿಲ ಮೇಲೆ ಕೂತು ಗಾಜಿನ ಒಂದಷ್ಟನ್ನು ಮುಚ್ಚುತ್ತದೆ. ಅದಕ್ಕೆ ಚಾವಣಿಯ ಮೇಲಿನ ಕ್ಯಾಮೆರಾದ ಚಿತ್ರ ಕನ್ನಡಿಯಲ್ಲೇ ಬರುವ ಹಾಗೆ ಮಾಡಿದ್ದಾರೆ. ಜಾಣತನವೇ ಸರಿ. ಆದರೆ ನನಗೆ ಐವತ್ನಾಲ್ಕು, ಕಣ್ಣಿಗೆ ದೂರಕ್ಕೂ ಹತ್ತಿರಕ್ಕೂ ಒಂದೇ ಆದ ಪ್ರೋಗ್ರೆಸಿವ್ ಗ್ಲಾಸು. ಮಾಮೂಲಿ ಕನ್ನಡಿಯಲ್ಲಿ ಕಣ್ಣು ದೂರಕ್ಕೇ ನೆಟ್ಟಿರುತ್ತದೆ. ಇದು ಪರದೆ ನೋಡಿ, ಕಣ್ಣು ಪ್ರತಿ ಸಲ ಹತ್ತಿರಕ್ಕೆ ಬಂದು ಮತ್ತೆ ದೂರಕ್ಕೆ ಹೋಗಬೇಕು. ಘಾಟಿಯಲ್ಲಿ ತಲೆ ಸುತ್ತಿದ ಹಾಗಾಗುತ್ತದೆ. ನಾನು ಅದನ್ನು ಮಾಮೂಲಿ ಕನ್ನಡಿ ಮಾಡಿಕೊಂಡೇ ಓಡಿಸುತ್ತೇನೆ. ಮಗ ಬಂದಾಗ ಪರದೆ ಹಾಕಿಕೊಳ್ಳುತ್ತಾನೆ. ನಲವತ್ತೈದು ದಾಟಿದವರು ಟೆಸ್ಟ್ ಡ್ರೈವಿನಲ್ಲಿ ಅರ್ಧ ಗಂಟೆ ಇದನ್ನು ಹಾಕಿಕೊಂಡು ಓಡಿಸಿ ನೋಡಿ. ನಾನು ಶೋರೂಮಿನಲ್ಲಿ ನಿಂತ ಗಾಡಿಯಲ್ಲಿ ನೋಡಿ "ಚೆನ್ನಾಗಿದೆ" ಅಂದುಬಿಟ್ಟಿದ್ದೆ.

ಗಾಡಿ ಬಂದ ಮೇಲೆ ಬೆಂಗಳೂರಿನ ಒಂದು ಆಕ್ಸೆಸರಿ ಅಂಗಡಿಯವರು ಮುಂದೆ ಕಬ್ಬಿಣದ ಗಾರ್ಡ್ ಹಾಕೋಣ ಅಂತ ದುಂಬಾಲು ಬಿದ್ದರು. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದಕ್ಕೆ ಬೇಡ ಅಂದಿದೆ. ದಂಡ ಒಂದು ಕಡೆ ಇರಲಿ, ಡಿಕ್ಕಿ ಹೊಡೆದಾಗಿನ ಪೆಟ್ಟನ್ನು ಅದು ನೇರ ಗಾಡಿಯ ಚೌಕಟ್ಟಿಗೆ ಕೊಡುತ್ತದೆ. ಅಲ್ಲಿ ಹಾಕಿಸಿದ್ದು ಬಣ್ಣಕ್ಕೆ ಗೀರು ಬೀಳದಂತೆ ಅಂಟಿಸುವ ಪಿಪಿಎಫ್ ಹಾಳೆ ಮಾತ್ರ, ಕಾಫಿ ಗಿಡದ ಕೊಂಬೆ ಎರಡೂ ಬದಿ ಗೀಚುತ್ತದಲ್ಲ. ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಹೆಚ್ಚುವರಿ ಲೈಟಿನಂಥದ್ದರ ಬಿಲ್ ಇಟ್ಟುಕೊಂಡು ಇನ್ಶೂರೆನ್ಸ್ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು. ಇಲ್ಲದಿದ್ದರೆ ಕ್ಲೇಮಿನಲ್ಲಿ ಅವು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಉಳಿದಿದೆ. ಪಟ್ಟಿಯಲ್ಲಿ ಚಳಿ ದೇಶದವರಿಗೆ ಅಂತ ಒಂದು ಪ್ಯಾಕ್ ಇತ್ತು. ಬಿಸಿಯಾಗುವ ಸ್ಟೀರಿಂಗ್, ಬಿಸಿಯಾಗುವ ಮುಂದಿನ ಗಾಜು. ನಾನೂ ಮಗನೂ ನಕ್ಕು ಮುಂದಕ್ಕೆ ಹೋದೆವು. ಹೆಡ್‌ಲೈಟ್ ತೊಳೆಯುವ ನೀರಿನ ಜೆಟ್ ಕೂಡ ಅದರಲ್ಲೇ ಸೇರಿದೆ ಅಂತ ಓದಲಿಲ್ಲ. ಜುಲೈ ತಿಂಗಳ ರಾತ್ರಿ, ಮುಂದೆ ಟ್ಯಾಂಕರುಗಳ ಸಾಲು, ಅವು ಎರಚುವ ಕೆಸರು ಲೈಟಿನ ಮೇಲೆ ಪದರ ಕಟ್ಟುತ್ತದೆ. ಶಿರಾಡಿ ಹತ್ತಿ ಸಕಲೇಶಪುರದ ಹತ್ತಿರದ ದೋಣಿಗಲ್ ಬರುವಷ್ಟರಲ್ಲಿ ಮಿಣುಕು ಹುಳದಷ್ಟೇ ಬೆಳಕು. ಈಗ ಬಾಗಿಲ ಜೇಬಿನಲ್ಲಿ ಎರಡು ಲೀಟರ್ ನೀರಿನ ಬಾಟ್ಲು, ಅವ್ವನ ಹಳೆಯ ಹತ್ತಿ ಸೀರೆಯ ತುಂಡು ಇಟ್ಟುಕೊಂಡಿದ್ದೇನೆ. ರಸ್ತೆ ಬದಿಗೆ ನಿಲ್ಲಿಸಿ, ಮಳೆಯಲ್ಲಿ ನೆನೆಯುತ್ತಾ ಲೈಟು ಒರೆಸುವಾಗ ಒಳಗಿನಿಂದ ಹೆಂಡತಿ ನಗುವುದು ಗಾಜಿನಲ್ಲಿ ಕಾಣುತ್ತದೆ.