ಗೋಡೆಯೊಳಗಿನ ಸ್ಪೀಕರ್: ಕೊರೆಯುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳು

ಸ್ಟ್ಯಾಂಡಿನ ಮೇಲಿಟ್ಟ ಸ್ಪೀಕರಿನ ಜಾಗ ಸರಿಬರದಿದ್ದರೆ ಅದನ್ನು ಒಂದು ಗೇಣು ಆಚೆಗೆ ಸರಿಸಿ ಮತ್ತೆ ಕೇಳಿ ನೋಡಬಹುದು. ಗೋಡೆಯೊಳಗೆ ಕೂರಿಸುವ ಸ್ಪೀಕರಿಗೆ ಆ ಅನುಕೂಲವಿಲ್ಲ. ಒಮ್ಮೆ ಕೊರೆದ ತೂತು ಕೊರೆದಲ್ಲಿಯೇ ಉಳಿಯುತ್ತದೆ. ಹೀಗಾಗಿ ಈ ಕೆಲಸದ ಮುಕ್ಕಾಲು ಪಾಲು ಅಳತೆಪಟ್ಟಿ, ಪೆನ್ಸಿಲು ಮತ್ತು ತಾಳ್ಮೆಗೆ ಸೇರಿದ್ದು. ಗರಗಸದ ಸರದಿ ಬರುವುದು ಕೊನೆಗೆ.

ಮೊದಲು ನಿರ್ಧರಿಸಬೇಕಾದದ್ದು ಸ್ಪೀಕರಿನ ಜಾಗವನ್ನಲ್ಲ, ಕೂರುವ ಜಾಗವನ್ನು. ಸೋಫಾ ಎಲ್ಲಿರುತ್ತದೆ, ಮುಂದೆಯೂ ಅಲ್ಲಿಯೇ ಇರುತ್ತದೆಯೇ ಎಂಬುದು ಖಚಿತವಾಗುವವರೆಗೆ ಉಳಿದ ಯಾವ ಅಳತೆಗೂ ಅರ್ಥವಿಲ್ಲ. ಎರಡು ಸ್ಪೀಕರುಗಳು ಮತ್ತು ಕೇಳುವವರ ತಲೆ ಸೇರಿ ಸಮಬಾಹು ತ್ರಿಕೋನವಾಗಬೇಕು ಎಂಬುದು ಸ್ಟೀರಿಯೋ ಕೇಳುವಿಕೆಯ ಹಳೆಯ ಸೂತ್ರ. ಅಂದರೆ ಕುಳಿತವರ ನೇರ ಮುಂಭಾಗದಿಂದ ಎಡಕ್ಕೂ ಬಲಕ್ಕೂ 30 ಡಿಗ್ರಿಯಷ್ಟು ಓರೆಯಲ್ಲಿ ಒಂದೊಂದು ಸ್ಪೀಕರ್ ಇರಬೇಕು. ತಲೆಯಿಂದ ಎದುರು ಗೋಡೆಗೆ 2.6 ಮೀಟರ್ ದೂರವಿದ್ದರೆ ಸ್ಪೀಕರುಗಳ ನಡುವೆ ಸುಮಾರು 3 ಮೀಟರ್ ಬಿಡಬೇಕಾಗುತ್ತದೆ. ಗೋಡೆ ಅಷ್ಟು ಅಗಲವಿಲ್ಲದಿದ್ದರೆ ಸ್ವಲ್ಪ ಹತ್ತಿರ ತರಬಹುದಾದರೂ, ಇದೇ ದೂರದಲ್ಲಿ ನಡುವಣ ಅಂತರ 2.1 ಮೀಟರಿಗಿಂತ ಕಡಿಮೆಯಾದರೆ ಎಡ-ಬಲಗಳ ವಿಸ್ತಾರ ಕುಗ್ಗಿ ಎಲ್ಲವೂ ನಡುವಿನಿಂದಲೇ ಬರುತ್ತಿರುವಂತೆ ಕೇಳಿಸತೊಡಗುತ್ತದೆ.

ಎತ್ತರವನ್ನು ನಿಂತು ಅಳೆಯಬೇಡಿ. ಸೋಫಾದಲ್ಲಿ ಎಂದಿನಂತೆ ಒರಗಿ ಕುಳಿತು, ನೆಲದಿಂದ ಕಿವಿಯವರೆಗಿನ ಎತ್ತರವನ್ನು ಬೇರೊಬ್ಬರಿಂದ ಅಳೆಸಿಕೊಳ್ಳಿ. ಅದು ಸಾಮಾನ್ಯವಾಗಿ 90ರಿಂದ 105 ಸೆಂಟಿಮೀಟರಿನ ಒಳಗಿರುತ್ತದೆ. ತಾರಸ್ವರಗಳನ್ನು ನುಡಿಸುವ ಟ್ವೀಟರ್ ಈ ಮಟ್ಟದಲ್ಲಿರಬೇಕು, ಏಕೆಂದರೆ ಆ ಸ್ವರಗಳು ನೇರ ರೇಖೆಯಲ್ಲಿ ಚಲಿಸುವುದರಿಂದ ಓರೆಯಾದಷ್ಟೂ ಮಂಕಾಗುತ್ತವೆ. ಟಿವಿ ಅಥವಾ ಕಪಾಟು ಅಡ್ಡ ಬಂದು ಸ್ಪೀಕರನ್ನು ಮೇಲಕ್ಕೆ ಒಯ್ಯಲೇಬೇಕಾದರೆ, ಟ್ವೀಟರನ್ನು ಕೈಯಿಂದ ಓರೆಯಾಗಿ ತಿರುಗಿಸಬಲ್ಲ ಮಾದರಿಯನ್ನು ಆರಿಸಿಕೊಳ್ಳುವುದು ಒಳಿತು. ಹಿಂಬದಿಯ ಸರೌಂಡ್ ಸ್ಪೀಕರುಗಳಿಗೆ ಇಷ್ಟು ಕಟ್ಟುನಿಟ್ಟು ಬೇಡ. ನೇರ ಮುಂಭಾಗದಿಂದ ಲೆಕ್ಕ ಹಾಕಿದರೆ 110 ಡಿಗ್ರಿಯ ಆಸುಪಾಸಿನಲ್ಲಿ, ಕಿವಿಗಿಂತ ಒಂದೆರಡು ಅಡಿ ಮೇಲಿದ್ದರೆ ಸಾಕು.

ಗೋಡೆಯೊಳಗಿನ ಸ್ಪೀಕರುಗಳ ಒಂದು ನಿಜವಾದ ಲಾಭವನ್ನು ಇಲ್ಲಿ ಹೇಳಬೇಕು. ಸ್ಟ್ಯಾಂಡಿನ ಮೇಲಿನ ಸ್ಪೀಕರಿನ ಮುಖ ಹಿಂಗೋಡೆಯಿಂದ 1 ಮೀಟರ್ ಮುಂದಿದ್ದರೆ, ಗೋಡೆಗೆ ಬಡಿದು ಮರಳುವ ಅಲೆಯು ನೇರ ಅಲೆಯೊಂದಿಗೆ ಎದುರಾಗಿ 86 ಹರ್ಟ್ಸ್ ಆಸುಪಾಸಿನ ಮಂದ್ರಸ್ವರವನ್ನು ಅಳಿಸಿಹಾಕುತ್ತದೆ. ಗೋಡೆಯ ಮಟ್ಟಕ್ಕೇ ಕುಳಿತ ಸ್ಪೀಕರಿನಲ್ಲಿ ಹಿಂಗೋಡೆಯ ಈ ತೊಂದರೆಯೇ ಹುಟ್ಟುವುದಿಲ್ಲ. ಆದರೆ ಮೂಲೆಗೆ ತೀರ ಹತ್ತಿರ ಕೂರಿಸಿದರೆ ಪಕ್ಕದ ಗೋಡೆಯೂ ಸೇರಿಕೊಂಡು ಮಂದ್ರವನ್ನು ಉಬ್ಬಿಸುತ್ತದೆ. ಮೂಲೆಯಿಂದ ಕನಿಷ್ಠ 60 ಸೆಂಟಿಮೀಟರ್ ಬಿಡಿ, ಪಕ್ಕದ ಗೋಡೆಗೂ ನೆಲಕ್ಕೂ ಒಂದೇ ಅಳತೆಯ ದೂರ ಬಾರದಂತೆ ನೋಡಿಕೊಳ್ಳಿ.

ಇನ್ನು ಗೋಡೆಯ ಒಳಗೇನಿದೆ ಎಂಬ ಪ್ರಶ್ನೆ. ಕಾಗದದ ಮೇಲೆ ಸೊಗಸಾಗಿ ಕಂಡ ಯೋಜನೆಗಳು ಮುರಿದು ಬೀಳುವುದು ಹೆಚ್ಚಾಗಿ ಇಲ್ಲಿಯೇ. ಈ ಸ್ಪೀಕರುಗಳಲ್ಲಿ ಬಹುಪಾಲು ಮರ ಅಥವಾ ಲೋಹದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊದಿಸಿದ ಪೊಳ್ಳು ಗೋಡೆಗಾಗಿ ತಯಾರಾದವು. ಹಿಂಬದಿಯಲ್ಲಿ 90ರಿಂದ 100 ಮಿಲಿಮೀಟರ್ ಆಳ ಬೇಡುತ್ತವೆ. ಅಂಥ ಗೋಡೆಯಲ್ಲಿ ಸ್ಪೀಕರ್ ಚೌಕಟ್ಟಿನ ಎರಡು ಕಂಬಗಳ ನಡುವೆಯೇ ಕೂರಬೇಕು, ಕಂಬವನ್ನು ಕತ್ತರಿಸಬಾರದು. ಇಟ್ಟಿಗೆ ಗೋಡೆಯ ಲೆಕ್ಕವೇ ಬೇರೆ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ 100 ಮಿಲಿಮೀಟರ್ ಕೊರೆದರೆ ಆಚೆಯ ಕೋಣೆಗೂ ನಮಗೂ ನಡುವೆ ಉಳಿಯುವುದು ಗಾರೆಯ ಪದರ ಮಾತ್ರ. ಭಾರ ಹೊರುವ ಗೋಡೆಯನ್ನಾದರೆ ಎಂಜಿನಿಯರನ್ನು ಕೇಳದೆ ಮುಟ್ಟಲೇಬಾರದು. ಇಂಥ ಕಡೆ ಇಟ್ಟಿಗೆ ಗೋಡೆಯ ಮುಂದೆ ಚೌಕಟ್ಟು ಕಟ್ಟಿ ಬೋರ್ಡ್ ಹೊದಿಸಿಕೊಳ್ಳುವುದೇ ಸರಿಯಾದ ಮಾರ್ಗವೆಂದು ನನ್ನ ಅಭಿಪ್ರಾಯ. ಕೋಣೆ ಅರ್ಧ ಅಡಿಯಷ್ಟು ಕಿರಿದಾಗುತ್ತದೆ ನಿಜ, ಆದರೆ ತಂತಿ ಎಳೆಯುವ ಕೆಲಸವೂ ಅದರಿಂದ ಹಗುರಾಗುತ್ತದೆ.

ಸ್ಪೀಕರಿನ ಹಿಂಬದಿಯ ಶಬ್ದವೂ ಎಲ್ಲಿಗಾದರೂ ಹೋಗಲೇಬೇಕು. ಗೋಡೆಯ ಆಚೆ ಮಲಗುವ ಕೋಣೆಯಿದ್ದರೆ, ಹಿಂದೆ ಮುಚ್ಚಿದ ಪೆಟ್ಟಿಗೆ ಅಳವಡಿಸುವ ಖರ್ಚನ್ನು ಉಳಿಸಲು ಹೋಗಬೇಡಿ. ಪೆಟ್ಟಿಗೆಯ ಒಳಅಳತೆಯನ್ನು ಸ್ಪೀಕರ್ ತಯಾರಕರು ಹೇಳಿದಂತೆಯೇ ಇಟ್ಟುಕೊಳ್ಳಬೇಕು. ತೀರ ಚಿಕ್ಕದಾದರೆ ಆಳದ ಮಂದ್ರಸ್ವರ ಸೊರಗುತ್ತದೆ.

ತಂತಿಯ ದಪ್ಪವನ್ನು ದೂರ ನಿರ್ಧರಿಸುತ್ತದೆ. ಹೋಗಿ ಬರುವ ತಂತಿಯ ಒಟ್ಟು ರೋಧವು ಸ್ಪೀಕರಿನ ರೋಧದ ಶೇಕಡಾ 5ನ್ನು ಮೀರಬಾರದು ಎಂಬ ಅಳತೆಗೋಲನ್ನು ಹಿಡಿದರೆ, 8 ಓಮಿನ ಸ್ಪೀಕರಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಸುಮಾರು 17 ಮೀಟರಿನವರೆಗೂ, 2.5ರದ್ದನ್ನು ಸುಮಾರು 29 ಮೀಟರಿನವರೆಗೂ ಎಳೆಯಬಹುದು. 4 ಓಮಾದರೆ ಈ ದೂರಗಳು ಅರ್ಧಕ್ಕಿಳಿಯುತ್ತವೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ಅದರ ರೋಧ ಹೆಚ್ಚು. ಗೋಡೆಯೊಳಗೆ ಹಾಕಲು ಅರ್ಹವಾದ, ಬೆಂಕಿ ಹರಡದ ಹೊದಿಕೆಯ ತಂತಿಯನ್ನೇ ಬಳಸಿ. ವಿದ್ಯುತ್ ತಂತಿಗಳಿಂದ ಒಂದು ಅಡಿ ದೂರವಿರಿಸಿ, ದಾಟಲೇಬೇಕಾದ ಕಡೆ ಲಂಬಕೋನದಲ್ಲಿ ದಾಟಿಸಿ. ಪೈಪಿನೊಳಗೆ ಎಳೆದರೆ ಮುಂದೊಂದು ದಿನ ಗೋಡೆ ಒಡೆಯದೆ ತಂತಿಯನ್ನು ಬದಲಾಯಿಸಬಹುದು. ಸ್ಪೀಕರಿನ ತುದಿಯಲ್ಲಿ ಅರ್ಧ ಮೀಟರ್ ಹೆಚ್ಚುವರಿ ತಂತಿಯನ್ನು ಸುರುಳಿ ಸುತ್ತಿ ಬಿಡಿ. ಬೋರ್ಡ್ ಮುಚ್ಚುವ ಮೊದಲು ಅಳತೆಪಟ್ಟಿಯನ್ನು ಗೋಡೆಗೆ ಹಿಡಿದು ಫೋಟೋ ತೆಗೆದಿಡಿ. ಮುಂದೆಂದೋ ಮೊಳೆ ಹೊಡೆಯುವಾಗ ಆ ಫೋಟೋ ಬೇಕಾಗುತ್ತದೆ.

ಕೊರೆಯುವ ಮುನ್ನ ಒಂದು ಪರೀಕ್ಷೆ ಬಾಕಿಯಿದೆ. ಗುರುತು ಹಾಕಿದ ಜಾಗದ ಮುಂದೆ, ಗೋಡೆಗೆ ತಾಗುವಂತೆ, ಸ್ಟೂಲಿನ ಮೇಲೆ ಮಾಮೂಲಿ ಸ್ಪೀಕರುಗಳನ್ನಿಟ್ಟು ಒಂದು ವಾರ ಕೇಳಿ. ಧ್ವನಿಯ ಗುಣ ಹೀಗೆಯೇ ಇರುವುದಿಲ್ಲವಾದರೂ, ಹಾಡುವವರ ದನಿ ನಟ್ಟನಡುವೆ ನಿಲ್ಲುತ್ತದೆಯೇ, ತೆರೆದ ಬಾಗಿಲು ಒಂದು ಸ್ಪೀಕರನ್ನು ಮರೆಮಾಡುತ್ತದೆಯೇ ಎಂಬುದು ತಿಳಿಯುತ್ತದೆ. ಬಾಗಿಲಿನ ವಿಷಯವನ್ನು ನಾನು ನಕ್ಷೆಯಲ್ಲಿ ಗಮನಿಸಿರಲಿಲ್ಲ. ಸ್ಟೂಲಿಗೆ ಬಾಗಿಲು ಬಡಿದಾಗಲೇ ಗೊತ್ತಾದದ್ದು.

ತೂತನ್ನು ಸ್ಪೀಕರಿನೊಂದಿಗೆ ಬರುವ ಅಳತೆಯ ರಟ್ಟಿನಿಂದಲೇ ಗುರುತಿಸಿ, ಮೊದಲು ನಡುವೆ ಚಿಕ್ಕದೊಂದು ತೂತು ಮಾಡಿ ಒಳಗೆ ಬಾಗಿಸಿದ ತಂತಿಯನ್ನು ತಿರುಗಿಸಿ ಏನೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸ್ಪೀಕರನ್ನು ಬೋರ್ಡಿಗೆ ಕಚ್ಚಿ ಹಿಡಿಸುವ ಸ್ಕ್ರೂಗಳನ್ನು ಕೈಯಿಂದಲೇ ಬಿಗಿಯಿರಿ. ಯಂತ್ರದಿಂದ ಬಿಗಿದರೆ ಬೋರ್ಡ್ ಪುಡಿಯಾಗುತ್ತದೆ. ಸ್ಪೀಕರಿನ ಮುಂದೆ ಕೂರುವ ಜಾಲರಿಗೆ, ಅಂದರೆ ಗ್ರಿಲ್‌ಗೆ, ಗೋಡೆಯ ಬಣ್ಣ ಬೇಕಿದ್ದರೆ ಅದನ್ನು ಕಳಚಿ, ಒಳಗಿನ ಬಟ್ಟೆಯನ್ನು ತೆಗೆದು, ಬಣ್ಣವನ್ನು ತೆಳುವಾಗಿ ಸಿಂಪಡಿಸಬೇಕು. ಬ್ರಷ್ಷಿನಿಂದ ಬಳಿದರೆ ರಂಧ್ರಗಳು ಮುಚ್ಚಿಹೋಗುತ್ತವೆ. ಗ್ರಿಲ್ ಹಾಕುವ ಮೊದಲು, ಆಂಪ್ಲಿಫೈಯರಿನಿಂದ ಕಳಚಿಟ್ಟ ತಂತಿಯ ತುದಿಗೆ 1.5 ವೋಲ್ಟಿನ ಬ್ಯಾಟರಿಯನ್ನು, ಕೆಂಪು ತಂತಿ ಧನ ತುದಿಗೆ ಬರುವಂತೆ, ಕ್ಷಣಮಾತ್ರ ತಾಗಿಸಿ ನೋಡಿ. ಮಂದ್ರಸ್ವರಗಳನ್ನು ನುಡಿಸುವ ವೂಫರಿನ ಶಂಕು ಹೊರಗೆ ಚಿಮ್ಮಿದರೆ ಜೋಡಣೆ ಸರಿಯಿದೆ. ಒಳಗೆ ಸೆಳೆದುಕೊಂಡರೆ ಎಲ್ಲೋ ತಂತಿ ಅದಲುಬದಲಾಗಿದೆ, ಗ್ರಿಲ್ ಹಾಕುವ ಮೊದಲೇ ಅದನ್ನು ಹುಡುಕಿ ಸರಿಪಡಿಸಿ.